ಜಾನಕಿಬಾಯಿಯವರ ಪ್ರಶ್ನೆಯೂ ಅಮಾವಾಸ್ಯೆಯ ಮಿಲ್ಲೂ

ಜಾನಕಿಬಾಯಿಯವರನ್ನು ಮೊದಲ ಸಲ ನೋಡಿದವರು ಯಾರೂ ಅವರ ಕೆಲಸ ಏನೆಂದು ಊಹಿಸಿದ್ದಿಲ್ಲ. ಊಹಿಸಿದ್ದೆ ಎನ್ನುವವರು ಸುಳ್ಳು ಹೇಳುತ್ತಾರೆ. ಅರವತ್ತರ ಆಸುಪಾಸಿನ ವಯಸ್ಸು, ಹಣೆಯ ಮೇಲೆ ಕಾಸಿನಗಲ ಕುಂಕುಮ, ಇಳಕಲ್ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ಚೀಲದಲ್ಲಿ ಮನೆಯಿಂದ ತಂದ ನೀರು, ಮನೆಯಿಂದ ತಂದ ಅವಲಕ್ಕಿ. ಹೊರಗೆ ಒಂದು ಗುಟುಕು ಚಹಾ ಕುಡಿಯುವವರಲ್ಲ. ಏಕಾದಶಿಯ ದಿನ ಆ ಅವಲಕ್ಕಿಯೂ ಇಲ್ಲ. ಗಂಡ ವೆಂಕಟೇಶರಾಯರು ರಾಯಚೂರಿನ ಗುಡಿಯೊಂದರಲ್ಲಿ ಸೇವೆಗಿದ್ದವರು. ಇಂಥ ಹೆಂಗಸು ಎದುರು ಕುಳಿತು ಕನ್ನಡಕ ಒರೆಸಿಕೊಂಡರೆ ಇನ್ನೇನು ದೇವರನಾಮ ಶುರುವಾಯಿತೆಂದು ನಾವು ಸೆರಗು ಸರಿಮಾಡಿಕೊಂಡು ಕೂರುತ್ತೇವೆ. ಅವರು ಕನ್ನಡಕ ಏರಿಸಿಕೊಂಡು ಕೇಳುತ್ತಾರೆ:

"ನೀವಿಬ್ಬರೂ ಗಂಡಾ ಹೆಂಡತಿ ಒಂದ ಹಾಸಿಗಿ ಮ್ಯಾಲ ಮಲಗಿ ಎಷ್ಟ ದಿನ ಆತು?"

ನನಗೆ ಈ ಪ್ರಶ್ನೆ ಬಂದಾಗ ಬಾಯಲ್ಲಿ ಮಿರ್ಚಿ ಭಜಿ ಇತ್ತು. ಅದು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕುಳಿತಿದ್ದ ಗುಂಜಹಳ್ಳಿಯ ತಾಯಿಯೊಬ್ಬಳು ಬೆನ್ನು ಗುದ್ದುತ್ತ, "ಆಕೀಗೂ ಭಾಳ ದಿನ ಆಗಿರಬೇಕ್ರಿ ಬಾಯಾರ" ಎಂದಳು. ನಾನು ಅವಳೊಂದಿಗೆ ಒಂದು ತಿಂಗಳು ಮಾತಾಡಲಿಲ್ಲ.

ಇದು ನಡೆದದ್ದು ರಾಯಚೂರಿನಲ್ಲಿ, ಆಟಿಸಂ ಇರುವ ಮಕ್ಕಳಿಗೆ ಮಾತು, ಆಟ, ಕೈಕೆಲಸ ಕಲಿಸುವ ಒಂದು ಸಣ್ಣ ಕೇಂದ್ರದ ಪಡಸಾಲೆಯಲ್ಲಿ. ಮಕ್ಕಳು ಒಳಗಿರುವಷ್ಟು ಹೊತ್ತು ತಾಯಂದಿರು ಹೊರಗೆ ಕಾಯುತ್ತೇವೆ. ಅಲ್ಲೊಂದು ಬೋರ್ಡು ನೇತುಹಾಕಿದ್ದರು, 'ತಾಯಂದಿರಿಗೆ ಆಪ್ತಸಮಾಲೋಚನೆ' ಎಂದು. ಮಗನ ಉಗುರು ಕತ್ತರಿಸುವುದು ಹೇಗೆ, ಕ್ಷೌರ ಮಾಡಿಸುವುದು ಹೇಗೆ, ಇಂಥದ್ದೇನಾದರೂ ಹೇಳಿಕೊಡುತ್ತಾರೆ ಎಂದು ನಾನು ಕುಳಿತಿದ್ದೆ. ನನ್ನ ಹಾಸಿಗೆಯ ಸುದ್ದಿಗೆ ಬರುತ್ತಾರೆಂದು ಯಾರಿಗೆ ಗೊತ್ತು? ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ.

ನಾನು ಶೈಲಜಾ. ತವರು ದೇವದುರ್ಗ, ಕೊಟ್ಟದ್ದು ಮಾನ್ವಿಗೆ. ಬಿ.ಎ. ಓದಿದ್ದೇನೆ, ಬಾಯಿ ಜೋರು. ಮೊದಲನೆಯದನ್ನು ನಾನು ಹೇಳುತ್ತೇನೆ, ಎರಡನೆಯದನ್ನು ಅತ್ತೆ ಶರಣಮ್ಮ ಹೇಳುತ್ತಾರೆ. ಗಂಡ ಮೌನೇಶ, ನಮ್ಮದು ರೈಸ್ ಮಿಲ್ಲು. ಮಿಲ್ಲಿಗೂ ನಮ್ಮ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಒಬ್ಬನೇ ಮಗ ಅಂಬರೇಶ, ಒಂಬತ್ತು ವರ್ಷ, ಆಟಿಸಂ. ಮಾತು ಕಡಿಮೆ, ಹಠ ಜಾಸ್ತಿ, ನಕ್ಕರೆ ಮನೆ ತುಂಬುತ್ತದೆ.

ಈ ಮಗರಾಯ ಮಲಗಬೇಕಾದರೆ ಮಿಲ್ಲು ಓಡುತ್ತಿರಬೇಕು. ಗೋಡೆಗೆ ಅಂಗೈ ಹಚ್ಚುತ್ತಾನೆ, ಗೋಡೆ ಸಣ್ಣಗೆ ನಡುಗುತ್ತಿರುತ್ತದೆ, ಅವನ ಕಣ್ಣು ಮುಚ್ಚುತ್ತದೆ. ಮಿಲ್ಲು ನಿಂತರೆ ಎದ್ದು ಕೂರುತ್ತಾನೆ. ನಾನು ಜಾಣೆ, ಮಿಲ್ಲಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕೇಳಿಸಿದೆ. ಮೊಬೈಲನ್ನು ಗೋಡೆಗೆ ಹಚ್ಚಿ ನೋಡಿದ, ಗೋಡೆ ನಡುಗಲಿಲ್ಲ, ಮೊಬೈಲು ನೀರಿನ ಹೌದಿಗೆ ಬಿತ್ತು.

ಈಗ ನಮ್ಮ ಸಂಸಾರದ ಲೆಕ್ಕ ನೋಡಿ. ಮಿಲ್ಲು ಓಡಿದರೆ ಮಗ ಮಲಗುತ್ತಾನೆ, ಆದರೆ ಗಂಡ ಮಿಲ್ಲಿನಲ್ಲಿರಬೇಕು. ಮಿಲ್ಲು ನಿಂತರೆ ಗಂಡ ಮನೆಗೆ ಬರುತ್ತಾನೆ, ಆದರೆ ಮಗ ಎದ್ದಿರುತ್ತಾನೆ. ಮಿಲ್ಲು ನಿಂತ ರಾತ್ರಿ ಎಷ್ಟೋ ಹೊತ್ತಿಗೆ ಬರುವ ಮಗನ ನಿದ್ದೆ ಹಾಲಿನ ಮೇಲಿನ ಕೆನೆಯಿದ್ದಂತೆ, ಬಾಗಿಲು ಸರಿಸಿದರೆ ಒಡೆಯುತ್ತದೆ. ಹಾಗಾಗಿ ಗಂಡ ಪಡಸಾಲೆಯಲ್ಲೇ ಮಲಗುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ; ನಮ್ಮ ಹಾಸಿಗೆಯಲ್ಲಿ ಕಾಲು ಚಾಚುವವನು ಮಗ ಒಬ್ಬನೇ, ಅದೂ ಅಡ್ಡಡ್ಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆಯೂ ನಮಗೆ ಉಪಯೋಗಕ್ಕೆ ಬಂದಿದ್ದಿಲ್ಲ. ನಾವು ಕೂಡಿ ಉಣ್ಣುತ್ತಿರಲಿಲ್ಲ, ಕೂಡಿ ಮಲಗುತ್ತಿರಲಿಲ್ಲ, ಹಾಗಾಗಿ ಜಗಳಕ್ಕೂ ದಾರಿ ಇರಲಿಲ್ಲ.

ಮಧ್ಯಾಹ್ನದ ಮಾತೇ ನನ್ನನ್ನು ಹೆಚ್ಚು ಸುಡುತ್ತಿತ್ತು. ಭತ್ತ ಮುಗಿದು, ಲಾರಿ ಹೋಗಿ, ಆಳುಗಳು ಊಟಕ್ಕೆ ಎದ್ದ ಮೇಲೂ ಈ ಮನುಷ್ಯ ಮಿಲ್ಲಿನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಾನು ಮಗನನ್ನು ಮಲಗಿಸಿ ಬಾಗಿಲ ಕಡೆ ನೋಡುತ್ತಿದ್ದೆ. ಮಷೀನಿನ ಸದ್ದು ಬರುತ್ತಿತ್ತು, ಆತ ಬರುತ್ತಿರಲಿಲ್ಲ. ಇಂಥ ಮಗನನ್ನು ಹೆತ್ತವಳ ಮುಖ ನೋಡುವುದಕ್ಕಿಂತ ಮಷೀನಿನ ಮುಖ ನೋಡುವುದೇ ವಾಸಿ ಎಂದು ಆತನಿಗೆ ಅನ್ನಿಸಿರಬೇಕು ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ನನಗೆ ಇನ್ನೂ ಗಂಡ ಇದ್ದಾನೋ, ಅಥವಾ ನಮ್ಮ ಮನೆಯಲ್ಲಿ ಉಂಡು ಮಲಗುವ ಒಬ್ಬ ಮಿಲ್ಲಿನ ಮಾಲೀಕ ಮಾತ್ರ ಇದ್ದಾನೋ, ಇದೊಂದು ನನಗೆ ಗೊತ್ತಾಗಬೇಕಿತ್ತು. ಇಷ್ಟು ಜೋರು ಬಾಯಿಯವಳಿಗೆ ಅದನ್ನು ಕೇಳಲು ಬಾಯಿ ಇರಲಿಲ್ಲ.

ಜಾನಕಿಬಾಯಿಯವರ ಮೇಲಿನ ಸಿಟ್ಟು ಇಳಿದದ್ದು ಅವರ ಕಥೆ ಕೇಳಿದ ಮೇಲೆ. ಅವರ ಮಗ ವಿಶ್ವೇಶನಿಗೆ ಈಗ ಮೂವತ್ತು ದಾಟಿದೆ. ಅವನು ಹುಟ್ಟಿದಾಗ ರಾಯಚೂರಿನಲ್ಲಿ ಆಟಿಸಂ ಎಂಬ ಶಬ್ದವನ್ನೇ ಯಾರೂ ಕೇಳಿರಲಿಲ್ಲ. ಗ್ರಹಚಾರ ಎಂದರು, ಶಾಂತಿ ಮಾಡಿಸಿದರು, ತಾಯಿ ಮಡಿಯಲ್ಲಿ ತಪ್ಪಿರಬೇಕು ಎಂದೂ ಅಂದರು.

"ನಮ್ಮ ರಾಯರು ಒಂದ ಖೋಲಿ, ನಾ ಒಂದ ಖೋಲಿ" ಎಂದರು ಜಾನಕಿಬಾಯಿ. "ಒಂದ ಮನ್ಯಾಗ ಇಬ್ಬರು ಬಾಡಿಗಿದಾರರು ಇದ್ದಂಗ ಇದ್ವಿ. ಹುಡುಗನ್ನ ನೋಡ್ಕೊಳ್ಳಿಕ್ಕೆ ಇಬ್ಬರೂ ಇದ್ವಿ, ಒಬ್ಬರನ್ನೊಬ್ಬರು ನೋಡ್ಲಿಕ್ಕೆ ಯಾರೂ ಇರಲಿಲ್ಲ. ಅಂಗನವಾಡಿ ನೌಕರಿ ಮುಗದ ಮ್ಯಾಲ ಈ ತರಬೇತಿ ತಗೊಂಡೆ. ಅಲ್ಲೆ ಕಲ್ತದ್ದನ್ನ ಮೊದಲ ಮನ್ಯಾಗ ಹಚ್ಚಿ ನೋಡಿದೆ. ಈಗ ನಾವು ಕೈ ಹಿಡಕೊಂಡು ತರಕಾರಿ ತರ್ಲಿಕ್ಕೆ ಹೋಗ್ತೀವಿ. ಜನಾ ನಗ್ತಾರ. ನಗ್ಲಿ, ತರಕಾರಿ ತೂಕ ಏನೂ ಕಡಿಮಿ ಬರಂಗಿಲ್ಲ."

ನನಗೆ ಅವರು ಕೊಟ್ಟ ಮೊದಲ ಮನೆಪಾಠ ಇದು: ದಿನಕ್ಕೊಮ್ಮೆ ಗಂಡ ಹೆಂಡತಿ ಕೂಡಿ, ಬಿಸಿ ಇರುವಾಗಲೇ, ಒಂದೊಂದು ಕಪ್ಪು ಚಹಾ ಕುಡಿಯಬೇಕು. ಮಗನ ಮಾತು ತೆಗೆಯಬಾರದು, ಭತ್ತದ ಮಾತು ತೆಗೆಯಬಾರದು. ತಾವು ಹೊರಗೆ ಚಹಾ ಮುಟ್ಟದವರು ಊರಿಗೆಲ್ಲ ಚಹಾವನ್ನೇ ಔಷಧವೆಂದು ಬರೆದುಕೊಡುತ್ತಿದ್ದರು.

ಮೊದಲ ದಿನ ಥರ್ಮಾಸಿನಲ್ಲಿ ಚಹಾ ಹಾಕಿಕೊಂಡು ನಾನೇ ಮಿಲ್ಲಿಗೆ ಹೋದೆ. ಅಲ್ಲಿ ಕುರ್ಡಿಯ ದಲಾಲಿಯೊಬ್ಬ, ಬಾಗಲವಾಡದ ಲಾರಿ ಡ್ರೈವರ್ ಒಬ್ಬ ಕುಳಿತಿದ್ದರು. "ನೋಡ್ರಿ, ಸಾವ್ಕಾರ್ತಿ ಎಷ್ಟ ಛಲೋ ಟೈಮಿಗಿ ಬಂದ್ರು" ಎಂದು ಇಬ್ಬರೂ ಎರಡೂ ಕಪ್ಪು ಎತ್ತಿಕೊಂಡರು. ನನ್ನ ಗಂಡ ಸಂತೋಷದಿಂದ, "ಇನ್ನೊಂದ ನಾಕ ಕಪ್ ಕಳಸು" ಎಂದ. ನಾನು ಥರ್ಮಾಸನ್ನು ಆತನ ತಲೆಗೆ ಎಸೆಯಲಿಲ್ಲ. ಅದು ನನ್ನ ತವರಿನದು.

ಇನ್ನೊಂದು ದಿನ, ಮಗ ರಾಯಚೂರಿಗೆ ಅತ್ತೆಯ ಜೊತೆ ಹೋಗಿದ್ದಾಗ, ಹೇಗೋ ಹಿಡಿದು ಕೂರಿಸಿದೆ. ಎದುರು ಬದುರು ಕುಳಿತೆವು. ಚಹಾ ಹಬೆಯಾಡುತ್ತಿತ್ತು. ಮಗನ ಮಾತು ಇಲ್ಲ, ಭತ್ತದ ಮಾತು ಇಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಆತ ಬಹಳ ಹೊತ್ತು ಕಪ್ಪನ್ನು ನೋಡಿದ. ನಂತರ ಬಾಗಿಲಾಚೆ ನೋಡಿ, "ಮಳಿ ಬರಂಗದ" ಎಂದ. ಏಪ್ರಿಲ್ ತಿಂಗಳು. ಮಾನ್ವಿಯ ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. ನಾನು "ಹ್ಞೂಂ" ಎಂದೆ. ಚಹಾ ಮುಗಿಯಿತು.

ಇದನ್ನು ಕೇಳಿ ಜಾನಕಿಬಾಯಿ ಗಂಭೀರವಾಗಿ ತಲೆಯಾಡಿಸಿದರು. "ಮಿಲ್ಲು ಬಂದ್ ಇರೋ ದಿನಾ ಯಾವುದೂ ಇಲ್ಲೇನು?"

"ಅಮಾಸಿ ಒಂದ ಅದರಿ ಬಾಯಾರ."

ಅಮಾವಾಸ್ಯೆಯ ದಿನ ನಮ್ಮ ಕಡೆ ಮಿಲ್ಲು ಓಡಿಸುವುದಿಲ್ಲ. ಮಷೀನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಬಂದ್ ಮಾಡುತ್ತಾರೆ. ದಲಾಲಿ ಇಲ್ಲ, ಲಾರಿ ಇಲ್ಲ, ಆಳುಗಳಿಗೆ ರಜೆ. ಗಂಡ ಪೂರ್ತಿ ನನ್ನವನು. ಆದರೆ ಆ ದಿನ ಗೋಡೆ ನಡುಗುವುದಿಲ್ಲವಲ್ಲ. ಅಂಬರೇಶ ಅಂಗೈಯನ್ನು ಗೋಡೆಗೆ ಒತ್ತಿಕೊಂಡು ಕೋಣೆಯಿಂದ ಕೋಣೆಗೆ ತಿರುಗುತ್ತಾನೆ, ತಾನೇ "ಗುಂ" ಎಂದು ಮಿಲ್ಲಾಗುತ್ತಾನೆ. ಅದೂ ಸಾಲದೆಂಬಂತೆ, ಅಮಾವಾಸ್ಯೆಯಂದು ಗಂಡ ಹೆಂಡಿರು ದೂರ ಇರಬೇಕೆಂದು ಹಿರಿಯರ ಮಾತು.

ಉಗುರು ಕತ್ತರಿಸಲೂ ಪಂಚಾಂಗ ತೆಗೆಯುವ ಜಾನಕಿಬಾಯಿ ಇದಕ್ಕೆ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಕೂಡಿ ಕೂತು ಚಹಾ ಕುಡೀಬಾರದು ಅಂತ ಯಾವ ಪಂಚಾಂಗದಾಗೂ ಬರದಿಲ್ಲ" ಎಂದರು. "ನಾ ನೋಡೀನಿ. ಮುಂದಿನದು ಮುಂದ ನೋಡೋಣ. ಅಲ್ಲೀತನಕ ನೀ ದೇವದುರ್ಗಕ್ಕ ನನ್ನ ಜೋಡಿ ಬಾ. ಅಲ್ಲೆ ಹೊಸದಾಗಿ ತಾಯಂದಿರನ್ನ ಕೂಡಸ್ಲಿಕ್ಕತ್ತೀನಿ. ನಾ ಹೇಳಿದ್ರ ಮುದುಕಿ ಮಾತು ಅಂತಾರ. ನಿನ್ನಂಥಾಕಿ ಹೇಳಿದ್ರ ಕೇಳ್ತಾರ."

ನನ್ನ ತವರೂರು. ಒಲ್ಲೆ ಎಂದೆ. ಬಾಗಿಲು ಹಾಕಿಕೊಂಡು ಹೆಂಗಸರು ಮಾತ್ರ ಮಾತಾಡುವುದು ಎಂದರು. ಒಪ್ಪಿದೆ.

ಆ ದಿನ ಗಂಡನೇ ಜೀಪಿನಲ್ಲಿ ನಮ್ಮಿಬ್ಬರನ್ನೂ ದೇವದುರ್ಗಕ್ಕೆ ಬಿಟ್ಟ. "ಏನ ಸಭಾ?" ಎಂದು ಕೇಳಿದ. "ಹುಡುಗರ ಸಭಾ" ಎಂದೆ. ತಾನು ಅಷ್ಟರಲ್ಲಿ ಗಡ್ಡ ಮಾಡಿಸಿಕೊಂಡು ಬರುತ್ತೇನೆಂದು ಬಜಾರಿನ ಕಡೆ ಹೋದ. ಮನೆಯಲ್ಲಿ ಮಗನ ಹತ್ತಿರ ಅತ್ತೆ ಇದ್ದರು, ಆಳುಗಳು ಮಿಲ್ಲು ಓಡಿಸುತ್ತಿದ್ದರು.

ಸಭೆಗೆ ಸಿಕ್ಕಿದ್ದು ಗುಡಿಯೊಂದರ ಪಕ್ಕದ ಹಳೆಯ ಕಲ್ಲಿನ ಹಾಲ್. ಅದನ್ನು ನೋಡಿಕೊಳ್ಳುವವರು ಈರಯ್ಯ ಎಂಬ ಹಿರಿಯರು. ಜಾನಕಿಬಾಯಿಯವರ ಕುಂಕುಮ, ಇಳಕಲ್ ಸೀರೆ, ಮನೆಯ ನೀರು ನೋಡಿ ಅವರು ಪಾದಕ್ಕೇ ಬಗ್ಗಿದರು.

"ಮೈಕ್ ಬೇಕೇನ್ರಿ ಯವ್ವಾ?"

"ಬೇಕ್ರಿ. ಹಿಂದ ಕೂತವರಿಗೆ ಕೇಳಬೇಕಲ್ಲ."

ಪ್ರವಚನ ಬರೀ ಒಳಗಿನವರಿಗೆ ಯಾಕೆ, ಪುಣ್ಯ ಊರಿಗೆಲ್ಲ ಬರಲಿ ಎಂದು ಆ ಭಕ್ತ ಮನುಷ್ಯ ಗುಡಿಯ ಮೇಲಿನ ಹಾರ್ನುಗಳಿಗೂ ವೈರು ಕೊಟ್ಟು, ಹೆಂಗಸರ ಸಭೆಯೆಂದು ಮರ್ಯಾದೆಯಿಂದ ಬಾಗಿಲು ಎಳೆದುಕೊಂಡು ಮನೆಗೆ ಹೋಗಿಬಿಟ್ಟರು. ಕಲ್ಲಿನ ಗೋಡೆ, ಮೇಲೆ ಗಡಗಡ ಎನ್ನುವ ಫ್ಯಾನು, ಮುಂದೆ ಒಂದು ಸ್ಪೀಕರು. ಹೊರಗಿನ ಹಾರ್ನು ನಮಗೆ ಕೇಳಲಿಲ್ಲ.

ಏನೇ ಶುರು ಮಾಡಿದರೂ ಮೊದಲು ಒಂದು ಶ್ಲೋಕ ಹೇಳುವುದು ಜಾನಕಿಬಾಯಿಯವರ ರೂಢಿ. ಬಜಾರಿನಲ್ಲಿ ಜನ ನಿಂತಲ್ಲೇ ಕೈ ಮುಗಿದರಂತೆ, ಚಪ್ಪಲಿ ಬಿಟ್ಟವರೂ ಇದ್ದರಂತೆ. ಶ್ಲೋಕ ಮುಗಿಯಿತು. ಕನ್ನಡಕ ಒರೆಸುವಷ್ಟು ಹೊತ್ತು ಮೌನ. ನಂತರ ನಾಲ್ಕೂ ದಿಕ್ಕಿಗೆ ಮುಖ ಮಾಡಿದ ಹಾರ್ನುಗಳು ದೇವದುರ್ಗದ ಸಮಸ್ತರನ್ನೂ ಕೇಳಿದವು: "ನೀವಿಬ್ಬರೂ ಗಂಡಾ ಹೆಂಡತಿ ಒಂದ ಹಾಸಿಗಿ ಮ್ಯಾಲ ಮಲಗಿ ಎಷ್ಟ ದಿನ ಆತು?"

ಮುಗಿದ ಕೈಗಳು ಮುಗಿದಂತೆಯೇ ಉಳಿದವಂತೆ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಒಳಗೆ ಹೆಂಗಸರು ತಲೆ ತಗ್ಗಿಸಿ ಕುಳಿತಿದ್ದರು. ಜಾನಕಿಬಾಯಿ ಮೈಕನ್ನು ನನ್ನ ಕೈಗೆ ಕೊಟ್ಟರು. ಎದುರು ಕುಳಿತವರೆಲ್ಲ ನನ್ನಂಥವರೇ. ಕಣ್ಣ ಕೆಳಗೆ ಕಪ್ಪು, ಸೆರಗಿನ ತುದಿಯಲ್ಲಿ ಮಕ್ಕಳ ಹಲ್ಲಿನ ಗುರುತು. ಅವರನ್ನು ನೋಡಿ ನನ್ನ ಬಾಯಿ ತಾನಾಗಿ ಬಿಚ್ಚಿತು.

"ನನ್ನ ಗಂಡ ಭಾಳ ಒಳ್ಳೇರು" ಎಂದೆ. "ಅದ ನನ್ನ ತ್ರಾಸು. ಕುಡಿಯಂಗಿಲ್ಲ, ಬಡಿಯಂಗಿಲ್ಲ, ಬೈಯಂಗಿಲ್ಲ. ಹತ್ರ ಹಂತ್ಯಾಕ ಬರಂಗಿಲ್ಲ. ಯಾರ ಮುಂದ ದೂರು ಹೇಳ್ಲಿ? ಮಧ್ಯಾನ ಭತ್ತ ಮುಗದಿರ್ತದ, ಮಗ ಮಲಗಿರ್ತಾನ, ಅವರು ಮಾತ್ರ ಮಿಲ್ಲು ಬಿಟ್ಟು ಏಳಂಗಿಲ್ಲ. ಇಂಥಾ ಮಗನ್ನ ಹಡದಾಕಿ ಅಂತ ಬ್ಯಾಸರ ಆಗ್ಯಾದೋ ಏನೋ. ನನಗ ಅವರು ಬೇಕು. ಅವರ ಅಂಗಿಗಿ ಹತ್ತಿದ ತೌಡಿನ ವಾಸನಿ ಸುದ್ದಾ ಬೇಕು. ಅಂಗಿ ತೊಳಿಯೂ ಮುಂದ ಮೂಗಿಗಿ ಹಿಡದು ನೋಡ್ತೀನಿ, ಮತ್ತ ನೀರಾಗ ಹಾಕ್ತೀನಿ."

ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ನಾಚಿಕೆಯಿಂದಲ್ಲ, ಇಷ್ಟು ದಿನ ಹೊತ್ತದ್ದು ಇಳಿದ ಹಗುರಕ್ಕೆ.

ಆ ಹೊತ್ತಿಗೆ ಬಜಾರಿನಲ್ಲಿ ಖಾಜಾಮಿಯಾನ ಕಟಿಂಗ್ ಅಂಗಡಿಯಲ್ಲಿ ನನ್ನ ಗಂಡ ಮುಖದ ತುಂಬ ಸಾಬೂನಿನ ನೊರೆ ಹಚ್ಚಿಸಿಕೊಂಡು ಕುಳಿತಿದ್ದ. ಖಾಜಾಮಿಯಾ ಒಂದು ಕೆನ್ನೆ ಮುಗಿಸಿ ಕತ್ತಿ ಎತ್ತಿದವನು ಹಾಗೇ ನಿಂತನಂತೆ. "ಸಾವ್ಕಾರ, ಇದು ನಮ್ಮ ಓಣಿ ಶೈಲಮ್ಮನ ಆವಾಜ್ ಅಲ್ಲೇನ್ರಿ?"

ಇತ್ತ ನಮ್ಮ ಹಾಲ್‌ನ ಬಾಗಿಲು ಧಡಾರನೆ ತೆರೆಯಿತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ನೊರೆ, ಕೊರಳಲ್ಲಿ ಖಾಜಾಮಿಯಾನ ಟವಲ್ಲು. ಹೆಂಗಸರು ಕಿರುಚಿ ಸೆರಗು ಎಳೆದುಕೊಂಡರು.

"ಯಾರ್ರೀ ಇವರು?" ಎಂದರು ಜಾನಕಿಬಾಯಿ.

"ಇವರೇ ಅವರು" ಎಂದೆ ನಾನು. ಮೈಕು ನನ್ನ ಕೈಯಲ್ಲೇ ಇತ್ತು.

ಆತ ಬೈಯಲು ಬಂದಿದ್ದಾನೆ ಎಂದುಕೊಂಡೆ. ಆತ ನನ್ನೆದುರು ನಿಂತ. ನೊರೆ ಕುತ್ತಿಗೆಗೆ ಇಳಿಯುತ್ತಿತ್ತು.

"ಭತ್ತ ಮುಗದ ಮ್ಯಾಲ ನಾ ಯಾಕ ಕೂಡ್ತೀನಿ ಗೊತ್ತದೇನು ನಿನಗ?" ಎಂದ. "ಖಾಲಿ ಮಿಲ್ಲು ಓಡಸ್ತೀನಿ. ಬಂದ್ ಮಾಡಿದ್ರ ಅಂವಾ ಏಳ್ತಾನ. ಅಂವಾ ಎದ್ರ ನಿನಗ ನಿದ್ದಿ ಇಲ್ಲ. ರಾತ್ರಿ ಹೆಂಗೂ ನೀ ಮಲಗಂಗಿಲ್ಲ, ಮಧ್ಯಾನರೇ ಒಂದ ತಾಸು ಅಡ್ಡಾಗ್ಲಿ ಅಂತ. ಓಡೋ ಮಿಲ್ಲು ಬಿಟ್ಟು ಹೆಂಗ ಬರ್ಲಿ? ಬೆಲ್ಟ ಹರದ್ರ ಬೆಂಕಿ ಹತ್ತತದ."

ಟವಲ್ಲಿನ ತುದಿಯಿಂದ ಆತ ತುಟಿಯ ಮೇಲಿನ ನೊರೆ ಒರೆಸಿಕೊಂಡ.

"ನೀ ಮಲಗಿರ್ತಿ ಅಂತ ತಿಳಕೊಂಡಿದ್ದೆ" ಎಂದ.

"ನಾ ಮಲಗಂಗಿಲ್ಲ" ಎಂದೆ. "ನೀವು ಬರ್ತೀರಿ ಅಂತ ಬಾಗಲಾ ನೋಡ್ಕೋತ ಕುಂತಿರ್ತೀನಿ."

ವರ್ಷಗಟ್ಟಲೆ ಆತ ನನ್ನ ನಿದ್ದೆಗಾಗಿ ಗೋಡೆಯ ಆ ಕಡೆ ಖಾಲಿ ಮಷೀನು ಕಾಯ್ದಿದ್ದ. ನಾನು ಈ ಕಡೆ ನಿದ್ದೆ ಬಿಟ್ಟು ಆತನನ್ನು ಕಾಯ್ದಿದ್ದೆ. ಇಬ್ಬರಲ್ಲಿ ಒಬ್ಬರಾದರೂ ಒಂದು ದಿನ ಗೋಡೆ ದಾಟಿ ಬಂದು ಕೇಳಿದ್ದರೆ ಮುಗಿಯುತ್ತಿತ್ತು. ಜಾನಕಿಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಈ ಸಲ ಕಣ್ಣನ್ನೂ ಒರೆಸಿಕೊಂಡರು.

ಅಷ್ಟರಲ್ಲಿ ಈರಯ್ಯನವರು ಏದುಸಿರು ಬಿಡುತ್ತ ಓಡಿ ಬಂದರು. "ಯವ್ವಾ, ಹಾರ್ನ ಚಾಲೂ ಅದರಿ. ಮೊದಲಿಂದ ಚಾಲೂ ಅದ."

ನಾನು ಭೂಮಿ ಬಾಯಿ ಬಿಡಲಿ ಎಂದು ಕಾಯ್ದೆ. ಬಿಡಲಿಲ್ಲ. ಹಾರ್ನು ಬಂದ್ ಮಾಡಲು ಹೋದ ಈರಯ್ಯನವರನ್ನು ಹಿಂದಿನ ಸಾಲಿನ ಒಬ್ಬಳು ತಡೆದಳು. "ತಡೀರಿ ಅಜ್ಜಾರ, ನಮ್ಮ ಮನಿಯವರೂ ಬಜಾರದಾಗ ಅದಾರ. ನಂದೊಂದ ಮಾತು ಆಗ್ಲಿ" ಎಂದು ಮೈಕಿಗೆ ಕೈ ಚಾಚಿದಳು. ಜಾನಕಿಬಾಯಿ ನನ್ನ ಕೈಯಿಂದ ಮೈಕು ತೆಗೆದುಕೊಂಡರು, ಅವಳಿಗೆ ಕೊಡಲಿಲ್ಲ. ಅವಳ ಮಾತನ್ನು ಹಾರ್ನು ಬಂದ್ ಆದ ಮೇಲೆ, ಬಾಗಿಲು ಹಾಕಿಕೊಂಡೇ ಕೇಳಿದರು.

ಮಾನ್ವಿಗೆ ನಮಗಿಂತ ಮೊದಲು ಸುದ್ದಿ ಮುಟ್ಟಿತ್ತು. ಅತ್ತೆ ಏನೂ ಅನ್ನಲಿಲ್ಲ. ಅದೇ ನನಗೆ ದೊಡ್ಡ ಹೆದರಿಕೆಯಾಯಿತು. ಶರಣಮ್ಮ ಬೈದರೆ ಮಳೆ, ನಿಂತು ಹೋಗುತ್ತದೆ. ಸುಮ್ಮನಿದ್ದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ದಲಾಲಿಗಳು ಮಿಲ್ಲಿಗೆ ಬಂದಾಗ ಗಂಡನ ಅಂಗಿಯ ಕಡೆ ನೋಡಿ ತುಟಿ ಕಚ್ಚಿಕೊಳ್ಳುತ್ತಿದ್ದರು. ನಾವಿಬ್ಬರೂ ಕಣ್ಣಲ್ಲಿ ನಗಲು ಕಲಿತಿದ್ದೆವು, ಆದರೆ ಲಾರಿ, ಆಳು, ದಲಾಲಿ, ಮಗ, ಯಾವುದೂ ಬದಲಾಗಿರಲಿಲ್ಲ. ಕೂತು ಮಾತಾಡಲು ಜಾಗವೇ ಸಿಗಲಿಲ್ಲ.

ಅಮಾವಾಸ್ಯೆ ಬಂತು. ಅತ್ತೆ ಯಾವಾಗಿನಂತೆ ಮಷೀನಿಗೆ ವಿಭೂತಿ ಹಚ್ಚಿದರು, ಕಾಯಿ ಒಡೆದರು. ಮಧ್ಯಾಹ್ನ ಊಟವಾದ ಮೇಲೆ ಅಂಬರೇಶ ಗೋಡೆಗೆ ಕೈ ಹಚ್ಚಿ "ಗುಂ" ಎನ್ನತೊಡಗಿದ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮೌನೇಶ, ಮಿಲ್ಲು ಚಾಲೂ ಮಾಡು."

"ಯವ್ವಾ, ಇವತ್ತ ಅಮಾಸಿ."

"ನನಗ ಗೊತ್ತಿಲ್ಲೇನು? ಭತ್ತ ಹಾಕಂಗಿಲ್ಲ, ಅಕ್ಕಿ ತಗಿಯಂಗಿಲ್ಲ, ದುಡಿಮಿ ಎಲ್ಲಿ ಆತು? ಅಮಾಸಿ ಇರೋದು ದುಡಿಮಿಗಿ. ಮೊಮ್ಮಗನ್ನ ಮಲಗಿಸಾಕ ಅಮಾಸಿ ಇಲ್ಲ."

"ಬೆಲ್ಟ ಹರದ್ರ?"

"ನಿಮ್ಮಪ್ಪ ಸತ್ತ ಮ್ಯಾಲ ನೀ ದೊಡ್ಡಾಂವ ಆಗೋತನಕ ಈ ಮಿಲ್ಲು ನಡಸಿದಾಕಿ ಯಾರು? ಸ್ವಿಚ್ ಎಲ್ಲದ ನನಗ ಗೊತ್ತದ. ಹೋಗು, ಆಕಿ ಚಹಾ ಇಟ್ಟಾಳ."

ಅತ್ತೆ ಮಿಲ್ಲಿಗೆ ಹೋಗಿ ನನ್ನ ಗಂಡನ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತರು. ಮಿಲ್ಲು ಗುಡುಗಿತು. ಪಕ್ಕದ ಮಿಲ್ಲಿನವರು ಗಾಬರಿಯಾಗಿ ಬಂದು, ಅಮಾವಾಸ್ಯೆ ದಿನ ಮಿಲ್ಲು ಯಾಕೆ ಓಡುತ್ತಿದೆ ಎಂದು ಕೇಳಿದರಂತೆ. "ರಿಪೇರಿ ನಡದದ" ಎಂದರಂತೆ ಅತ್ತೆ. "ಭಾಳ ದಿನದಿಂದ ಕೆಟ್ಟಿತ್ತು."

ಒಳಗೆ ಗೋಡೆ ಸಣ್ಣಗೆ ನಡುಗಿತು. ಅಂಬರೇಶನ ಅಂಗೈ ಗೋಡೆಯ ಮೇಲೆ ನಿಂತಿತು. "ಗುಂ" ನಿಂತಿತು. ಕಣ್ಣು ಮುಚ್ಚಿದವು.

ನಾವಿಬ್ಬರೂ ಪಡಸಾಲೆಯಲ್ಲಿ ಎದುರು ಬದುರು ಕುಳಿತೆವು. ನಡುವೆ ಎರಡು ಕಪ್ಪು ಚಹಾ. ಮಗನ ಮಾತು ತೆಗೆಯುವಂತಿಲ್ಲ, ಭತ್ತದ ಮಾತು ತೆಗೆಯುವಂತಿಲ್ಲ. ಆತ ಬಹಳ ಹೊತ್ತು ಕಪ್ಪನ್ನು ನೋಡಿದ. ನಂತರ ಬಾಗಿಲಾಚೆ ನೋಡಿದ.

"ಮಳಿ ಬರಂಗದ" ಎಂದ.

ನನಗೆ ನಗು ಒತ್ತರಿಸಿ ಬಂತು. ಮಗ ಎದ್ದಾನೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ. ಆತನೂ ನಕ್ಕ. ನಗುತ್ತಲೇ ಆತ ಎದ್ದು ನನ್ನ ಪಕ್ಕಕ್ಕೆ ಬಂದು ಕುಳಿತ, ನನ್ನ ಕೈಯೊಳಗಿನ ಕಪ್ಪನ್ನು ತೆಗೆದು ನೆಲಕ್ಕಿಟ್ಟ.

ಈಗ ಮಾನ್ವಿಯಲ್ಲಿ ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಮಿಲ್ಲಿನ ಸದ್ದು ಕೇಳಿದರೆ ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ನಗುವವರು ನಗುತ್ತಾರೆ. ಜಾನಕಿಬಾಯಿ ಹೇಳಿದಂತೆ, ನಗಲಿ.

ಆ ಮೊದಲ ಅಮಾವಾಸ್ಯೆಯ ಮುಂದಿನ ವಾರ ಅವರು ಮಾನ್ವಿಗೆ ಬಂದಾಗ ಚೀಲ ಕೆಳಗಿಟ್ಟು, ಮನೆಯ ನೀರು ಕುಡಿದು, ಕನ್ನಡಕ ಒರೆಸಿಕೊಂಡರು. ನಾನು ಅದೇ ಹಳೆಯ ಪ್ರಶ್ನೆಗೆ ಸಿದ್ಧಳಾಗಿ ಕುಳಿತೆ. ಅವರು ಅದನ್ನು ಕೇಳಲಿಲ್ಲ.

"ಚಹಾ ಬಿಸಿ ಇದ್ದಾಗ ಕುಡದ್ರೇನು?" ಎಂದರು.

"ಇಲ್ಲರಿ ಬಾಯಾರ" ಎಂದೆ. "ಎರಡೂ ಕಪ್ ಆರಿ ಹೋದ್ವು."

ಜಾನಕಿಬಾಯಿ ನನ್ನ ಮುಖ ನೋಡಿದರು. ಪಂಚಾಂಗದ ಮಾತು ಅವರು ತೆಗೆಯಲಿಲ್ಲ. "ಛಲೋ ಆತು" ಎಂದು ಅವಲಕ್ಕಿಯ ಡಬ್ಬಿ ಬಿಚ್ಚಿ, ಮೊದಲ ಸಲ ನನಗೂ ಒಂದು ಹಿಡಿ ಕೊಟ್ಟರು.